ಅಜ್ಜನನ್ನು ಅಳಿಸಿದ ಮಧ್ಯಾಹ್ನ

"ಆಗ ಚಿತ್ರದುರ್ಗದಲ್ಲಿ ಕಂಪ್ಯೂಟರ್ ಇತ್ತಾ ಮೇಡಂ?" ಎಂದು ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ. ಇತ್ತು. ಒಂದು ಕೋಣೆಯ ತುಂಬ ಇತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಅದರ ಮೇಲ್ವಿಚಾರಕಿ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ನಿಮಗೆ ಕಲಿಯುವುದು ಏನೂ ಇಲ್ಲ. ಯಂತ್ರ ಹೇಗೆ ಕೆಟ್ಟಿತು, ಕೆಟ್ಟ ಮೇಲೆ ನಾವು ಅದನ್ನು ಹೇಗೆ ಇನ್ನಷ್ಟು ಕೆಡಿಸಿದೆವು, ಆಮೇಲೆ ಹೇಗೆ ಎದ್ದೆವು ಎಂಬುದನ್ನು ಹೇಳುತ್ತೇನೆ.

ನಮ್ಮದು ತಾಮ್ರದ ಅದಿರು ಹುಡುಕುವ ಕಂಪನಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಗುಡ್ಡಗಳಲ್ಲಿ ನೆಲ ಕೊರೆದು, ಎಷ್ಟು ಆಳದಲ್ಲಿ ಯಾವ ಕಲ್ಲು ಬಂತು, ಅದರಲ್ಲಿ ತಾಮ್ರ ಎಷ್ಟಿದೆ ಎಂದು ಬರೆದು ದುರ್ಗದ ಕಚೇರಿಗೆ ಕಳಿಸುತ್ತಿದ್ದರು. ನಮ್ಮಲ್ಲಿ ಅದನ್ನು ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆದು ಯಂತ್ರಕ್ಕೆ ಉಣಿಸುತ್ತಿದ್ದೆವು. ಯಂತ್ರ ಅದನ್ನು ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಇಂದಿನ ಡಿಸ್ಕು ಅಂಗೈಯಲ್ಲಿ ಅಡಗುತ್ತದೆ. ಅಂದಿನದು ಒಂದರ ಮೇಲೊಂದು ಪೇರಿಸಿದ ಕಂದು ತಟ್ಟೆಗಳ ಅಟ್ಟಿ. ಬೇಕಾದಾಗ ಅದನ್ನು ತಿರುಗಿಸಿ ಓದುವ ಡ್ರೈವಿನಿಂದ ಎತ್ತಿ ಹೊರಗೆ ತೆಗೆಯಬಹುದಿತ್ತು. ಅಂಥ ಡ್ರೈವು ನಮ್ಮಲ್ಲಿ ಎರಡಿದ್ದವು. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ, ಮುಚ್ಚಳಕ್ಕೆ ಹಿಡಿ. ಒಯ್ಯುವಾಗ ತೂಕಕ್ಕೆ ಭುಜ ಜಗ್ಗುತ್ತಿತ್ತು.

ಯಂತ್ರ ಹೊಸದಲ್ಲ. ಹೊರದೇಶದಲ್ಲಿ ಯಾರೋ ಬಳಸಿ ಬಿಟ್ಟದ್ದು ಮುಂಬಯಿಯ ಮುಖ್ಯ ಕಚೇರಿಗೆ ಬಂದು, ಅಲ್ಲಿಂದ ನಮಗೆ ಪರೀಕ್ಷೆಗೆಂದು ಬಂದಿತ್ತು. ಕರಾರು ಸರಳ. ವರ್ಷ ತುಂಬಿದಾಗ ಒಬ್ಬ ಅಧಿಕಾರಿ ಬಂದು ನೋಡುತ್ತಾರೆ. ದುರ್ಗದವರು ಇದನ್ನು ಸರಿಯಾಗಿ ನಡೆಸುತ್ತಾರೆ ಎನ್ನಿಸಿದರೆ ಯಂತ್ರ ಇಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಮುಂಬಯಿಗೆ ವಾಪಸು. ಯಂತ್ರ ಹೋದರೆ ಅದರ ಹಿಂದೆ ನಮ್ಮ ವಿಭಾಗವೂ ಹೋದಂತೆ. ಕಾರ್ಡಿಗೆ ತೂತು ಹೊಡೆಯುವ ಹುಡುಗಿಯರೆಲ್ಲ ಊರಿನವರು, ಮನೆಯಲ್ಲಿ ಜಗಳವಾಡಿ ಕೆಲಸಕ್ಕೆ ಬಂದವರು. "ಯಂತ್ರ ಹೋದ್ರೆ ನಮ್ಮನ್ನ ಮದ್ವೆ ಮಾಡಿ ಕಳಿಸ್ತಾರೆ ಮೇಡಂ" ಎಂದು ಜುಬೇದಾ ಆಗಾಗ ಹೇಳುತ್ತಿದ್ದಳು. ಕಾರ್ಡು ಹೊಡೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ಬಾಯಲ್ಲಿಯೂ ಇಲ್ಲ.

ನಾನು ಬೆಳೆದದ್ದು ಗಂಟೆ ಬಾರಿಸಿದಂತೆ ಏಳುವ, ಉಣ್ಣುವ, ಮಲಗುವ ಹಾಸ್ಟೆಲಿನಲ್ಲಿ. ಯಂತ್ರದ ಕೋಣೆಯನ್ನೂ ಹಾಗೆಯೇ ನಡೆಸಿದೆ. ಚಪ್ಪಲಿ ಹೊರಗೆ. ತಿಂಡಿ ಹೊರಗೆ. ಮಾತು ಮಾತ್ರ ಒಳಗೆ ಬರಬಹುದು, ಅದೂ ಮೆಲ್ಲಗೆ. ಪ್ರತಿ ಶನಿವಾರ ಡಿಸ್ಕಿನ ಪ್ರತಿ ತೆಗೆಯಲೇಬೇಕು. ನಮ್ಮಲ್ಲಿದ್ದದ್ದು ಮೂರೇ ಡಿಸ್ಕು, ನಾಲ್ಕನೆಯದನ್ನು ತರಿಸಲು ವರ್ಷಗಟ್ಟಲೆ ಅರ್ಜಿ ಬರೆಯಬೇಕಿತ್ತು. ಈ ವಾರ ಕೆಲಸ ಮಾಡುವ ಡಿಸ್ಕು 'ಮಗ'. ಹೋದ ವಾರದ ಪ್ರತಿ 'ಅಪ್ಪ', ಕಪಾಟಿನಲ್ಲಿ. ಅದಕ್ಕೂ ಹಿಂದಿನದು 'ಅಜ್ಜ'. ಅಜ್ಜ ಊರಲ್ಲಿ ಇರಕೂಡದು. ಕಚೇರಿಗೆ ಬೆಂಕಿ ಬಿದ್ದರೂ ಅಜ್ಜ ಬದುಕಬೇಕು. ಆದ್ದರಿಂದ ಅವನನ್ನು ಬಸ್ಸಿನಲ್ಲಿ ನಮ್ಮ ಹೊಳಲ್ಕೆರೆ ಕ್ಯಾಂಪಿಗೆ ಕಳಿಸುತ್ತಿದ್ದೆವು. ಮುಂದಿನ ಶನಿವಾರ ಅವನನ್ನು ತರಿಸಿ, ಅವನ ಮೇಲೆ ಹೊಸ ಪ್ರತಿ ಬರೆದು ಮಗನನ್ನಾಗಿ ಮಾಡುತ್ತಿದ್ದೆವು. ಮನೆತನದಲ್ಲಿ ಒಂದು ಸುತ್ತು ಬಡ್ತಿ.

ಆ ಬಸ್ಸಿನ ಕಂಡಕ್ಟರ್ ಪ್ರತಿ ಸಲ ಕೇಳುತ್ತಿದ್ದ. "ಏನ್ ಮೇಡಮ್ಮೋರೆ, ಹೋಳಿಗೆ ಡಬ್ಬಿನಾ? ನಮಗೊಂದು ಕೊಡ್ರಿ."

"ಕಲ್ಲಿನ ಲೆಕ್ಕ ಐತಪ್ಪ ಇದ್ರಾಗೆ."

"ಕಲ್ಲು ನಮ್ಮೂರಾಗೇ ಬೇಕಾದಷ್ಟು ಐತಲ್ರೀ, ಲೆಕ್ಕ ಯಾಕೆ?"

ಇನ್ನು ಚಳಿಯ ವಿಷಯ. ದುರ್ಗದ ಬೇಸಿಗೆಯಲ್ಲಿ ಬೆಟ್ಟದ ಬಂಡೆಗಳು ಸಂಜೆಯಾದರೂ ಬಿಸಿ ಉಗುಳುತ್ತಿರುತ್ತವೆ. ಅಂಥ ಊರಿನಲ್ಲಿ ಯಂತ್ರಕ್ಕಾಗಿ ಎರಡು ಭಾರಿ ಹವಾನಿಯಂತ್ರಕಗಳು ಹಗಲೆಲ್ಲ ಓಡುತ್ತಿದ್ದವು. ಹೊರಗಿನಿಂದ ಬೆವರಿಕೊಂಡು ಒಳಗೆ ಹೊಕ್ಕವರು ಮೊದಲು "ಆಹಾ" ಎನ್ನುತ್ತಿದ್ದರು, ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟಿಸುತ್ತಿದ್ದರು. ಯಂತ್ರ ನಡೆಸುವ ಓಬಳೇಶ ತುರುವನೂರಿನ ಕಡೆಯ ಕುರಿ ಸಾಕುವ ಮನೆತನದವನು. ಅವನಿಗೆ ಈ ಕಷ್ಟಕ್ಕೆ ಪರಿಹಾರ ಹುಡುಕಬೇಕಾಗಲೇ ಇಲ್ಲ. ಒಂದು ಸೋಮವಾರ ಕರಿಯ ಕಂಬಳಿ ಹೊದ್ದುಕೊಂಡೇ ಬಂದ.

"ಇದೇನೋ ವೇಷ?"

"ನಮ್ಮಪ್ಪ ನೇಯ್ದಿದ್ದು ಮೇಡಮ್ಮೋರೆ. ಮಳೆಗೂ ಆಗ್ತೈತೆ, ಮಿಷನ್ನಿಗೂ ಆಗ್ತೈತೆ."

ಮ್ಯಾನೇಜರ್ ತಿಪ್ಪೇರುದ್ರಪ್ಪನವರು ಅದನ್ನು ಮುಟ್ಟಿ ನೋಡಿದರು. ಅವರು ಒಳ್ಳೆಯ ಮನುಷ್ಯ, ಒಂದೇ ದೋಷ ಆತುರ. ಬಿಸಿ ಕಾಫಿ ಕೊಟ್ಟರೆ ಆರುವವರೆಗೆ ಕಾಯಲಾರದೆ ನಾಲಿಗೆ ಸುಟ್ಟುಕೊಳ್ಳುವವರು. ಅಂದೇ ಓಬಳೇಶನ ತಂದೆಗೆ ಹೇಳಿಕಳಿಸಿ ಕೋಣೆಯವರಿಗೆಲ್ಲ ಒಂದೊಂದು ಕಂಬಳಿ ತರಿಸಿದರು. ತಮಗೂ ಒಂದು. ಅಜ್ಜನಿಗೂ ಒಂದು ತುಂಡು, ಬಸ್ಸಿನ ಕುಲುಕಾಟ ತಾಗದಿರಲಿ ಎಂದು. ಕಿಟಕಿಯಿಂದ ನೋಡಿದರೆ ಕುರಿಹಟ್ಟಿಯ ಪಂಚಾಯಿತಿ ನಡೆದಂತೆ ಕಾಣುತ್ತಿತ್ತು ನಮ್ಮ ಕಂಪ್ಯೂಟರ್ ವಿಭಾಗ.

ಹಳೆಯ ಕಾರ್ಡುಗಳ ಕಥೆಯನ್ನೂ ಹೇಳಿಬಿಡಬೇಕು. ಡಿಸ್ಕಿಗೆ ಏರಿದ ಮೇಲೂ ಕಾರ್ಡುಗಳನ್ನು ಕಟ್ಟಿಡಬೇಕೆಂದು ನಾನು. "ಡಿಸ್ಕಿನಾಗೇ ಐತಲ್ಲ, ಮತ್ಯಾಕೆ ಜಾಗ ತಿನ್ನಾಕೆ?" ಎಂದು ತಿಪ್ಪೇರುದ್ರಪ್ಪನವರು. ಒಂದು ತಿಂಗಳಿನದನ್ನು ಮಾತ್ರ ಉಳಿಸಿ ಮಿಕ್ಕದ್ದನ್ನೆಲ್ಲ ಹಳೇ ಪೇಪರಿನವನಿಗೆ ಎತ್ತಿಸಿದರು. ಅಲ್ಲಿಂದಾಚೆ ಪೇಟೆಯಲ್ಲಿ ಖಾರಮಂಡಕ್ಕಿ ಕೊಂಡರೆ ತಿನ್ನಲು ಚಮಚದ ಬದಲು ಒಂದು ತೂತಿನ ಕಾರ್ಡು ಮಡಿಸಿ ಕೊಡುತ್ತಿದ್ದರು. ಹಿರಿಯೂರಿನ ಗುಡ್ಡದ ಒಳಗನ್ನು ಹೀಗೆ ಇಡೀ ದುರ್ಗವೇ ಮಂಡಕ್ಕಿಯ ಜೊತೆ ನೆಕ್ಕಿತು.

ಮುಂಬಯಿಯಿಂದ ತಂತಿ ಬಂತು, ಶುಕ್ರವಾರ ಅಧಿಕಾರಿ ಬರುತ್ತಾರೆ ಎಂದು. ನಮಗೆ ಸಂಭ್ರಮ. ಮಂಗಳವಾರ ಬೆಳಿಗ್ಗೆ ಓಬಳೇಶ ಯಂತ್ರ ಚಾಲೂ ಮಾಡಿದ. ಮಗ ಗಿರ್ರನೆ ತಿರುಗಿದ. ಇದ್ದಕ್ಕಿದ್ದಂತೆ ಹಲಗೆಯ ಮೇಲೆ ಮೊಳೆ ಎಳೆದಂತೆ 'ಕಿರ್ರ್' ಎಂಬ ಸದ್ದು.

ಡಿಸ್ಕಿನ ತಟ್ಟೆಗಳ ಮೇಲೆ ಅಕ್ಷರ ಓದಲು ಡ್ರೈವಿನೊಳಗೆ ಪುಟ್ಟ ತಲೆಗಳಿರುತ್ತವೆ. ಅವು ತಟ್ಟೆಯನ್ನು ಮುಟ್ಟುವುದಿಲ್ಲ, ಕೂದಲಿನ ದಪ್ಪಕ್ಕಿಂತ ಕಡಿಮೆ ಅಂತರದಲ್ಲಿ ಗಾಳಿಯ ಮೇಲೆ ತೇಲುತ್ತಿರುತ್ತವೆ. ನಡುವೆ ಏನಾದರೂ ಸಿಕ್ಕಿತೋ, ತಲೆ ತಟ್ಟೆಗೆ ಬಡಿದು ಮೇಲಿನ ಲೇಪನವನ್ನು ಕೆತ್ತಿಹಾಕುತ್ತದೆ. ಲೇಪನ ಹೋದಲ್ಲಿ ಬರೆದದ್ದೂ ಹೋಯಿತು. ಇದನ್ನೆಲ್ಲ ನಾನು ಕೈಪಿಡಿಯಲ್ಲಿ ಓದಿದ್ದೆ. ಸದ್ದನ್ನು ಮಾತ್ರ ಕೇಳಿರಲಿಲ್ಲ.

ಅಂದೂ ಕೇಳಲಿಲ್ಲ, ನಾನು ಆಗ ಅಂಚೆ ಕಚೇರಿಯಲ್ಲಿದ್ದೆ. ಕೋಣೆಯಲ್ಲಿ ನಡೆದದ್ದನ್ನು ಜುಬೇದಾ ಗಾಜಿನ ಹೊರಗಿನಿಂದ ನೋಡಿ ನನಗೆ ಅಭಿನಯಿಸಿ ತೋರಿಸಿದಳು. ತಿಪ್ಪೇರುದ್ರಪ್ಪನವರು "ಡಿಸ್ಕ್ ಕೆಟ್ಟೈತೆ ಕಣೋ ಓಬಳೇಶ, ತಗಿ. ಅಪ್ಪನ್ನ ಹಾಕು" ಎಂದರು. ಓಬಳೇಶ ಮಗನನ್ನು ತೆಗೆದು ಅದೇ ಡ್ರೈವಿಗೆ ಅಪ್ಪನನ್ನು ಹಾಕಿದ. ಜಜ್ಜಿಹೋದ ತಲೆಗಳು ಹೊಸ ತಟ್ಟೆ ಸಿಕ್ಕಿದ್ದೇ ತಡ, ಅದನ್ನೂ ಕೆತ್ತಿದವು. 'ಕಿರ್ರ್'.

"ಅಪ್ಪನೂ ಕೆಟ್ಟವ್ನೆ ಸಾರ್!"

"ಇಬ್ರೂ ಒಟ್ಟಿಗೆ ಹೆಂಗೋ ಕೆಡ್ತಾರೆ? ಡ್ರೈವು ಕೆಟ್ಟಿರ್ಬೇಕು. ಮಗನ್ನ ಎರಡನೇ ಡ್ರೈವಿಗೆ ಹಾಕು."

ಅಲ್ಲಿಯವರೆಗೆ ಎರಡನೇ ಡ್ರೈವು ಆರೋಗ್ಯವಾಗಿತ್ತು. ಗೀರುಬಿದ್ದ ಮಗನನ್ನು ಅದರೊಳಗೆ ಇಳಿಸಿದರು. ಲೇಪನದ ಪುಡಿ ಅದರ ತಲೆಗಳಿಗೆ ಸಿಕ್ಕಿತು. 'ಕಿರ್ರ್'.

ನಾನು ಬಂದಾಗ ಎಲ್ಲರೂ ಕಂಬಳಿ ಹೊದ್ದು ಸಾಲಾಗಿ ನಿಂತಿದ್ದರು. ಎರಡು ಡಿಸ್ಕು, ಎರಡು ಡ್ರೈವು, ಒಂದು ಕಾಫಿ ಆರುವಷ್ಟರಲ್ಲಿ ಮುಗಿದಿದ್ದವು. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ, ನೆಗಡಿ ಹರಡಿದ ಹಾಗೆ. ಯುವಕರೇ, ಇದನ್ನು ನೆನಪಿಡಿ. ಮೊದಲ ಏಟು ಯಂತ್ರದ್ದು, ಮುಂದಿನ ಏಟುಗಳೆಲ್ಲ ನಮ್ಮ ಆತುರದವು. ಏನಾದರೂ ಕೆಟ್ಟ ಗಳಿಗೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುವುದು.

"ಇನ್ನು ಯಾರೂ ಏನನ್ನೂ ಮುಟ್ಟಕೂಡದು" ಎಂದೆ. "ಸಾರ್, ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿ, ಇಂಜಿನಿಯರು ಹೊಸ ತಲೆಗಳನ್ನು ತರಲಿ. ಓಬಳೇಶ, ನಡಿ."

"ಎಲ್ಲಿಗೆ ಮೇಡಮ್ಮೋರೆ?"

"ಅಜ್ಜನ್ನ ಕರ್ಕೊಂಡು ಬರಾಕೆ."

ನಾಲ್ಕು ವರ್ಷ ಗುಡ್ಡ ಕೊರೆದದ್ದೆಲ್ಲ ಈಗ ಇದ್ದದ್ದು ಆ ಒಂದೇ ಡಬ್ಬಿಯಲ್ಲಿ. ಹೊಳಲ್ಕೆರೆಯ ಕ್ಯಾಂಪಿಗೆ ಹೋದರೆ ಅಲ್ಲಿ ಕ್ಯಾಂಪೇ ಇರಲಿಲ್ಲ. ಗುಂಡಿಗಳಿದ್ದವು, ಗೂಟ ಕಿತ್ತ ಗುರುತುಗಳಿದ್ದವು, ಒಬ್ಬ ಕಾವಲುಗಾರ ಬೇವಿನ ನೆರಳಲ್ಲಿ ಕುಂತಿದ್ದ.

"ಬರ್ರಿ ಬರ್ರಿ, ಕುಂತ್ಕಳ್ರಿ. ಕೊರೆಯೋ ಮಿಷನ್ನು ಹೊಸದುರ್ಗಕ್ಕೆ ಹೋತು ನೋಡ್ರಿ. ಸಾಮಾನೆಲ್ಲ ಅದರ ಕೂಡೇ ಹೋತು."

"ದುಂಡನೆ ಡಬ್ಬಿ, ಕಂಬಳಿ ಸುತ್ತಿದ್ದು?"

"ಅದನ್ನ ನಾನೇ ಎತ್ತಿ ಕೊಟ್ಟೆ. ಮುಂದೆ ಡ್ರೈವರ್ ಪಕ್ಕ ಕುಂಡ್ರಿಸಿ ಕಳಿಸ್ದೆ, ದೊಡ್ಡ ಮನುಷ್ಯರ ಹಂಗೆ."

ಹೊಸದುರ್ಗಕ್ಕೆ ಬಸ್ಸು ಹಿಡಿದೆವು. ಅಲ್ಲಿಯ ಕ್ಯಾಂಪು ಗುಡ್ಡದ ಬುಡದಲ್ಲಿತ್ತು. ಬಂಡೆ ಸಿಡಿಸುವ ಸದ್ದಿಗೆ ನೆಲ ನಡುಗುತ್ತಿತ್ತು. ಮೇಸ್ತ್ರಿ ನಮ್ಮನ್ನು ಕಂಡು ಹೆಮ್ಮೆಯಿಂದ ಎದೆ ಉಬ್ಬಿಸಿದ.

"ಅದರ ಮ್ಯಾಲೆ ನೀವೇ ಬರೆದಿದ್ರಲ್ಲ, ಜೋಪಾನ, ಅಲುಗಾಡಿಸಬಾರದು ಅಂತ? ಇಲ್ಲಿ ದಿನಕ್ಕೆ ಹತ್ತು ಸಲ ಭೂಮಿನೇ ಅಲುಗಾಡ್ತೈತೆ. ನಾನು ಬಿಡ್ತೀನಾ? ಅವತ್ತೇ ಹಿರಿಯೂರಿಗೆ ಕಳಿಸ್ದೆ."

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾನು ಬರೆದದ್ದನ್ನು ಅಕ್ಷರಶಃ ಪಾಲಿಸಿದವನು ಅವನೊಬ್ಬನೇ. ಓಬಳೇಶ ನಗಲು ಶುರುಮಾಡಿದ. "ಮೇಡಮ್ಮೋರೆ, ಅಜ್ಜ ಜಿಲ್ಲಾ ಪ್ರವಾಸ ಹೊಂಟವ್ನೆ." ನಾನು ಗದರಿಸಲು ಹೋಗಿ ನಾನೂ ನಕ್ಕುಬಿಟ್ಟೆ. ಹಸಿವು, ಬಿಸಿಲು, ಭಯ ಮೂರೂ ಸೇರಿದರೆ ನಗು ತಡೆಯುವುದು ಕಷ್ಟ. ಹಿರಿಯೂರಿನ ಬಸ್ಸಿನಲ್ಲಿ ಜನ ನಮ್ಮನ್ನು ತಿರುಗಿ ತಿರುಗಿ ನೋಡಿದರು.

ಹಿರಿಯೂರಿನ ಉಗ್ರಾಣದಲ್ಲಿಯೂ ಡಬ್ಬಿ ಇರಲಿಲ್ಲ. ಉಗ್ರಾಣದ ರಂಗಸ್ವಾಮಿ ಗಾಬರಿಯಿಂದ ಎದ್ದು ನಿಂತ. "ಇಲ್ಲಿ ಇಲಿ ಕಾಟ ಮೇಡಂ. ಬೆಲೆಬಾಳೋದು ಅಂತ ಮನೇಲಿ ಇಟ್ಟಿದೀನಿ. ಆದಿವಾಲ, ಇಲ್ಲೇ, ಹೋಗಾಣ ಬರ್ರಿ."

ಆದಿವಾಲದ ಅವನ ಮನೆಯಲ್ಲಿ ಅವನ ತಾಯಿ ಕರಿಯಮ್ಮ ಬಾಗಿಲಲ್ಲೇ ನಮ್ಮನ್ನು ತಡೆದಳು. "ಉಂಡ ಮ್ಯಾಲೆ ಮಾತು."

"ಅಮ್ಮಾ, ಡಬ್ಬಿ ಎಲ್ಲಿ?"

"ಎಲ್ಲಿಗೂ ಓಡೋಗಲ್ಲ. ಬೆಲೆಬಾಳದು ಅಂದ ಮಗ. ನಮ್ಮನೇಲಿ ಬೆಲೆಬಾಳದು ಮಡಗದು ಒಂದೇ ಜಾಗ, ರಾಗ್ಯಾಗೆ."

ಮೂಲೆಯಲ್ಲಿ ಆಳೆತ್ತರದ ಮಣ್ಣಿನ ವಾಡೆ ನಿಂತಿತ್ತು, ಬಾಯ ತನಕ ರಾಗಿ. ತಾಮ್ರದ ಕಂಪನಿಯ ಸರ್ವಸ್ವವೂ ಅದರ ತಳದಲ್ಲಿ. ಮೇಲಿನ ರಾಗಿಯನ್ನು ಮೊಗೆದು ನೆಲಕ್ಕೆ ಹಾಕಿ, ಓಬಳೇಶ ಅಂಗಿ ಕಳಚಿ ವಾಡೆಯ ಬಾಯಿಗೆ ತಲೆಕೆಳಗಾಗಿ ಇಳಿದ. ಕೊನೆಗೆ ಹೊರಗೆ ಉಳಿದದ್ದು ಎರಡು ಕಾಲುಗಳು ಮಾತ್ರ. ರಂಗಸ್ವಾಮಿ ಒಂದು ಕಾಲು ಹಿಡಿದ, ನಾನು ಇನ್ನೊಂದು.

"ಸಿಕ್ತೇನೋ?"

ಒಳಗಿನಿಂದ ರಾಗಿ ತುಂಬಿದ ಬಾಯಿಯ ಉತ್ತರ. "ಸಿಕ್ಕವ್ನೆ! ಎಳೀರಿ!"

ಎಳೆದೆವು. ಮೊದಲು ಓಬಳೇಶ ಬಂದ, ಅವನ ತೋಳುಗಳ ಕೊನೆಗೆ ಕಂಬಳಿ ಸುತ್ತಿದ ಅಜ್ಜ. ಮುಚ್ಚಳದ ಬಿಗಿ ಸಡಿಲವಾಗಿರಲಿಲ್ಲ. ನೆಲದ ಮೇಲೆ ಚೆಲ್ಲಿದ ರಾಗಿಯಲ್ಲಿ ಕಾಲು ಜಾರಿ ನಾನು ಕುಕ್ಕರಿಸಿ ಬಿದ್ದೆ. ಡಬ್ಬಿಯನ್ನು ಮಾತ್ರ ಮೇಲೆತ್ತಿ ಹಿಡಿದಿದ್ದೆ. ಕರಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮುದ್ದೆ, ಹುರುಳಿ ಸಾರು. ಉಣ್ಣದೆ ಬಿಡಲಿಲ್ಲ.

ಬುಧವಾರ ಬೆಳಿಗ್ಗೆ ಡಬ್ಬಿ ಹಿಡಿದು ಕಚೇರಿಗೆ ಬಂದರೆ ತಿಪ್ಪೇರುದ್ರಪ್ಪನವರು ಗೇಟಿನಲ್ಲೇ ಕಾಯುತ್ತಿದ್ದರು.

"ತಂದ್ರಾ? ಹಾಕ್ರಿ, ಹಾಕ್ರಿ!"

"ಹಾಕಲ್ಲ ಸಾರ್. ತಲೆ ಬದಲಾಯಿಸೋ ತನಕ ಇದನ್ನ ಡ್ರೈವಿನ ಹತ್ರಕ್ಕೂ ಒಯ್ಯಲ್ಲ."

"ಒಂದ್ಸಲ ಹಾಕಿ ನೋಡಾಣ. ಕಿರ್ ಅಂದ ಕೂಡ್ಲೇ ತಗ್ಯಾಣ."

"ಕಿರ್ ಅಂದ ಮೇಲೆ ತೆಗೆಯೋದು ಏನೂ ಇರಲ್ಲ ಸಾರ್."

"ಮ್ಯಾನೇಜರ್ ನಾನು!"

"ಹೌದು ಸಾರ್."

ಇವರ ಕೈಗೆ ಎಟುಕದ ಜಾಗ ಕಚೇರಿಯಲ್ಲಿ ಎಲ್ಲಿದೆ ಎಂದು ನಾನು ಯೋಚಿಸುತ್ತಿರುವಾಗಲೇ ಜುಬೇದಾ ಬಂದು ಡಬ್ಬಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ನೇರವಾಗಿ ಹೆಂಗಸರ ವಿಶ್ರಾಂತಿ ಕೋಣೆಗೆ ಹೊಕ್ಕು ಚಿಲಕ ಹಾಕಿದಳು. ತಿಪ್ಪೇರುದ್ರಪ್ಪನವರು ಬಾಗಿಲ ಮುಂದೆ ಶತಪಥ ಹಾಕಿದರು.

"ಜುಬೇದಾ, ಹೊರಗೆ ಬಾರಮ್ಮ."

"ನಿಮ್ಮ ಗಂಡಸರ ಕಾಲು ಕಾಣ್ತಿದೆ ಸಾರ್, ನಾಚಿಕೆ ಆಗುತ್ತೆ."

ಹುಡುಗಿಯರು ಸರದಿಯ ಮೇಲೆ ಒಳಗೆ ಕೂತು ಅಜ್ಜನನ್ನು ಕಾದರು. ಇಂಜಿನಿಯರು ಬರುವವರೆಗೆ ಆ ಬಾಗಿಲು ಗಂಡು ಕೈಗೆ ತೆರೆಯಲಿಲ್ಲ.

ಬೆಂಗಳೂರಿನ ಇಂಜಿನಿಯರು ಬಂದದ್ದು ಮಧ್ಯಾಹ್ನ. ತೆಳ್ಳಗಿನ, ಮಾತು ಕಡಿಮೆಯ ಯುವಕ. ತಂದದ್ದು ಒಂದು ಡ್ರೈವಿಗೆ ಆಗುವಷ್ಟು ತಲೆಗಳು ಮಾತ್ರ. ಡ್ರೈವಿನ ಒಳಗೆ ಟಾರ್ಚು ಬಿಟ್ಟು ಇಕ್ಕಳದಿಂದ ಏನನ್ನೋ ಹಿಡಿದು ಎತ್ತಿದ. ಬೆಳಕಿಗೆ ಹಿಡಿದ. ಒಂದು ಕರಿಯ ಎಳೆ.

"ಇದು ಯಾವ ಪ್ರಾಣಿಯದು?"

ಓಬಳೇಶ ಹತ್ತಿರ ಹೋಗಿ ನೋಡಿದ. "ಕುರೀದು ಸಾರ್. ನಮ್ಮ ಮನೇದೇ ಇರ್ಬೇಕು."

ಇಂಜಿನಿಯರು ತಲೆಯೆತ್ತಿ ಕೋಣೆಯನ್ನು ಮೊದಲ ಸಲ ಸರಿಯಾಗಿ ನೋಡಿದ. ಸುತ್ತ ಕರಿಯ ಕಂಬಳಿಗಳು. ನಡುವೆ ಎಲ್ಲರಿಗಿಂತ ದೊಡ್ಡ ಕಂಬಳಿ ಹೊದ್ದ ತಿಪ್ಪೇರುದ್ರಪ್ಪನವರು. ಅವನು ಇಕ್ಕಳ ಕೆಳಗಿಟ್ಟು, ಕನ್ನಡಕ ತೆಗೆದು, ನಕ್ಕ. ಗಂಭೀರ ಮನುಷ್ಯರು ನಗಲು ಶುರುಮಾಡಿದರೆ ಬೇಗ ನಿಲ್ಲಿಸಲಾರರು. ತಿಪ್ಪೇರುದ್ರಪ್ಪನವರು ಮೆಲ್ಲಗೆ ಕಂಬಳಿ ಜಾರಿಸಿ, ಕಾಲಿನಿಂದ ಮೇಜಿನ ಕೆಳಗೆ ನೂಕಿದರು. ಓಬಳೇಶನನ್ನು ಬೈಯುವ ಹಾದಿ ಹಾಗೆ ಮುಚ್ಚಿತು. ಅಂದಿನಿಂದ ಕೋಣೆಯಲ್ಲಿ ಹತ್ತಿಯ ದಪ್ಪ ಅಂಗಿಗೆ ಮಾತ್ರ ಪ್ರವೇಶ.

ಮೊದಲ ಡ್ರೈವಿನ ದುರಸ್ತಿ ಗುರುವಾರ ಮುಗಿಯಿತು. ಎರಡನೆಯದು ಬಿಚ್ಚಿದ ಹಾಗೆಯೇ ಬಿದ್ದಿತ್ತು. ಅಜ್ಜನ ಕಂಬಳಿಯನ್ನು ಅಂಗಳದಲ್ಲಿ ಬಿಚ್ಚಿ, ಮುಚ್ಚಳದ ರಾಗಿ ಒರೆಸಿ, ಒಂದೊಂದು ತಟ್ಟೆಯನ್ನೂ ಕನ್ನಡಿ ಹಿಡಿದು ನೋಡಿ, ಆಮೇಲೆ ಡ್ರೈವಿಗೆ ಇಳಿಸಿದೆವು. ತಲೆಗಳು ತಟ್ಟೆಗಳ ಕಡೆಗೆ ಇಳಿದವು. ಸದ್ದಿಲ್ಲ. ಹಗುರವಾದ ಗುಂಯ್ ಮಾತ್ರ. ಯಂತ್ರ ಅಜ್ಜನನ್ನು ಓದುತ್ತಿತ್ತು!

ಓಬಳೇಶ ನನ್ನ ಕಾಲಿಗೇ ಬಿದ್ದ. ತಿಪ್ಪೇರುದ್ರಪ್ಪನವರು ಕೆಲಸ ಶುರುಮಾಡಿ ಎಂದರು. ನಾನು ಬೇಡ ಎಂದೆ. ಮೊದಲು ಪ್ರತಿ. ಪ್ರತಿ ತೆಗೆಯಲು ಇನ್ನೊಂದು ಡ್ರೈವಿಲ್ಲ, ಇನ್ನೊಂದು ಡಿಸ್ಕೂ ಇಲ್ಲ. ಉಳಿದದ್ದು ಕಾರ್ಡು. ಡಿಸ್ಕಿನಲ್ಲಿದ್ದದ್ದನ್ನೆಲ್ಲ ಯಂತ್ರದಿಂದಲೇ ಕಾರ್ಡುಗಳ ಮೇಲೆ ಹೊಡೆಸಲು ಹಚ್ಚಿದೆವು. ಕಾರ್ಡು ಹೊರಬಂದಂತೆ ಹುಡುಗಿಯರು ಪೆಟ್ಟಿಗೆಗೆ ತುಂಬಿದರು. ಪೆಟ್ಟಿಗೆ ಮುಗಿದಾಗ ಸೋಪಿನ ಡಬ್ಬ, ಅದೂ ಮುಗಿದಾಗ ತಿಪ್ಪೇರುದ್ರಪ್ಪನವರ ಟ್ರಂಕು. ಅಜ್ಜ ಎರಡು ವಾರ ಹಳಬ. ಅವನಿಗೆ ಗೊತ್ತಿಲ್ಲದ ಆ ಎರಡು ವಾರದ ಕಾರ್ಡುಗಳು ಉಳಿದ ಒಂದು ತಿಂಗಳಿನವುಗಳ ನಡುವೆಯೇ ಇದ್ದವು. ಮಂಡಕ್ಕಿಯವನಿಗೆ ಅವು ಇನ್ನೂ ತಲುಪಿರಲಿಲ್ಲ. ಅವನ್ನು ಡಿಸ್ಕಿಗೂ ಉಣಿಸಿ, ಪೆಟ್ಟಿಗೆಗೂ ಸೇರಿಸಿದೆವು.

ಶುಕ್ರವಾರ ಅಧಿಕಾರಿ ಬಂದರು. ಧಾರವಾಡದ ಕಡೆಯವರು, ಎತ್ತರದ ಆಳು. ಅವರ ಜೀಪಿನ ಹಿಂದೆ ಖಾಲಿ ಲಾರಿಯೊಂದು ಬಂದು ನಮ್ಮ ಬಾಗಿಲಿಗೆ ಹಿಂಬದಿ ಮಾಡಿ ನಿಂತಿತು.

"ಇದೇನು ಸಾರ್, ಲಾರಿ?" ಎಂದು ತಿಪ್ಪೇರುದ್ರಪ್ಪನವರು.

"ಒಯ್ಯಾಕ. ಯಂತ್ರ ಮುರದೀರಂತ ಬೆಂಗಳೂರಾಗ ಸುದ್ದಿ ಆಗೇದ. ಸುಮ್ನ ಎರಡು ಸಲ ಯಾಕ ಬರೂದು ಅಂತ ಲಾರಿ ಕೂಡ ಕರ್ಕೊಂಡೇ ಬಂದೆ."

ಹುಡುಗಿಯರು ಲಾರಿಯನ್ನು ನೋಡಿದರು. ಜುಬೇದಾ ಕಾರ್ಡು ಹೊಡೆಯುವ ತನ್ನ ಯಂತ್ರದ ಮೇಲೆ ಕೈಯಿಟ್ಟಳು.

ಅಧಿಕಾರಿ ಒಳಗೆ ಬಂದು ಬಿಚ್ಚಿದ ಡ್ರೈವನ್ನು ನೋಡಿದರು, ಗೀರುಬಿದ್ದ ಮಗ ಮತ್ತು ಅಪ್ಪನನ್ನು ನೋಡಿದರು, ಸೋಪಿನ ಡಬ್ಬಗಳನ್ನು ನೋಡಿದರು. "ಇದೇನ್ರೀ, ಕಿರಾಣಿ ಅಂಗಡಿ?"

"ಪ್ರತಿ ಸಾರ್" ಎಂದೆ. "ಡಿಸ್ಕಿನಲ್ಲಿರೋದೆಲ್ಲ ಇಲ್ಲಿದೆ. ಎರಡನ್ನೂ ಯಂತ್ರದಲ್ಲೇ ತಾಳೆ ನೋಡಿದ್ದೇವೆ."

"ಖಾತ್ರಿ?"

"ಖಾತ್ರಿ."

ಅವರು ತಿರುಗುತ್ತಿದ್ದ ಅಜ್ಜನ ಕಡೆ ಬೆರಳು ತೋರಿಸಿದರು. "ಹಂಗಾದ್ರ ಅದನ್ನ ಅಳಸ್ರಿ. ನನ್ನ ಮುಂದ ಅಳಸಿ, ಕಾರ್ಡಿನಿಂದ ಮತ್ತ ತುಂಬಿಸ್ರಿ. ತುಂಬಿತು ಅಂದ್ರ ಯಂತ್ರ ನಿಮ್ದು. ಇಲ್ಲಾಂದ್ರ ಲಾರಿ ಐತಿ."

ತಿಪ್ಪೇರುದ್ರಪ್ಪನವರು ಕುರ್ಚಿ ಹಿಡಿದುಕೊಂಡರು. "ಬ್ಯಾಡ ಕಣ್ರೀ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅವರಿಗೆ ಆತುರ ಇಲ್ಲದ್ದನ್ನು ನಾನು ಕಂಡದ್ದು ಆ ಒಂದೇ ಸಲ. ಓಬಳೇಶ ಯಂತ್ರದ ಗುಂಡಿಯ ಬಳಿ ನಿಂತವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನಾನು ಒತ್ತಲ್ಲ ಮೇಡಮ್ಮೋರೆ. ಕಾಲು ಹಿಡಿದು ಎಳಸ್ಕೊಂಡು ತಂದೋನು ನಾನು."

ಅವನನ್ನು ಸರಿಸಿ ನಾನೇ ಗುಂಡಿಯ ಮುಂದೆ ನಿಂತೆ. ಅಳಿಸಲು ನಾನು ಹೆದರಿದರೆ ಗುರುವಾರವಿಡೀ ಹೊಡೆಸಿದ ಕಾರ್ಡು ಏನು? ಮತ್ತೆ ತುಂಬಿಸಿ ನೋಡದ ಪ್ರತಿ ಬರಿಯ ನಂಬಿಕೆ. ಇದನ್ನು ನಾನೇ ಹುಡುಗಿಯರಿಗೆ ಪಾಠ ಹೇಳಿದ್ದೆ. ಗುಂಡಿ ಒತ್ತಿದೆ. ಅಜ್ಜ ಖಾಲಿಯಾದ.

ಓದುವ ಯಂತ್ರಕ್ಕೆ ಕಾರ್ಡುಗಳನ್ನು ಇಟ್ಟೆವು. ಹಳೆಯ ಫ್ಯಾನಿನಂತೆ ಪಟಪಟ ಎನ್ನುತ್ತ ಅವು ಒಳಗೆ ಓಡಿದವು. ಹೊಸದುರ್ಗ ಮುಗಿಯಿತು. ಹೊಳಲ್ಕೆರೆ ಮುಗಿಯಿತು. ಹಿರಿಯೂರಿನ ನಡುವೆ ಚರಕ್ ಎಂದು ಯಂತ್ರ ನಿಂತಿತು. ಒಂದು ಕಾರ್ಡನ್ನು ಅಗಿದು ಮೂರು ಚೂರು ಮಾಡಿ ಉಗುಳಿತ್ತು.

ಅಧಿಕಾರಿ ಗಡಿಯಾರ ನೋಡಿದರು. ಹೊರಗೆ ಲಾರಿಯವನು ಹಗ್ಗ ಬಿಚ್ಚುತ್ತಿದ್ದ.

"ಕೊಡಿ ಇಲ್ಲಿ" ಎಂದಳು ಜುಬೇದಾ. ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ, ತೂತುಗಳ ಮೇಲೆ ಬೆರಳಾಡಿಸಿ, ತನ್ನ ಯಂತ್ರದ ಮುಂದೆ ಕೂತು ಹೊಸದೊಂದು ಕಾರ್ಡು ಹೊಡೆದಳು. ಹೊಡೆದವಳು ಅಧಿಕಾರಿಯ ಕಡೆ ತಿರುಗಿ ಹೇಳಿದಳು. "ಸಾರ್, ನಿಮ್ಮ ಲಾರಿಯವನಿಗೆ ಹೇಳಿ, ಹಗ್ಗ ವಾಪಸ್ ಕಟ್ಟಲಿ."

ಓಬಳೇಶ ಕಾರ್ಡನ್ನು ಇಟ್ಟ. ಪಟಪಟ ಮತ್ತೆ ಶುರುವಾಯಿತು. ಕೊನೆಯ ಕಾರ್ಡು ಒಳಗೆ ಹೋಯಿತು. ನಾನು ಮುದ್ರಣಕ್ಕೆ ಆಜ್ಞೆ ಕೊಟ್ಟೆ. ಮುದ್ರಕ ಗಡಗಡನೆ ಮೊದಲ ಸಾಲು ಹೊಡೆಯಿತು, ಎರಡನೆಯದನ್ನು ಹೊಡೆಯಿತು, ಆಮೇಲೆ ನಿಲ್ಲಲೇ ಇಲ್ಲ. ಅಳಿಸುವ ಮುನ್ನ ತೆಗೆದಿದ್ದ ಹಾಳೆಯನ್ನು ಅಧಿಕಾರಿ ಪಕ್ಕದಲ್ಲಿ ಹಿಡಿದು ಸಾಲು ಸಾಲಾಗಿ ಬೆರಳಿಟ್ಟು ನೋಡಿದರು. ಗುಡ್ಡ ಗುಡ್ಡವಾಗಿಯೇ, ಕಲ್ಲು ಕಲ್ಲಾಗಿಯೇ ಇತ್ತು.

"ಭಾರೀ ಮಂದಿ ಅದೀರಿ" ಎಂದರು. "ಇಟ್ಕೊಳ್ರಿ ನಿಮ್ಮ ಯಂತ್ರ. ಡಿಸ್ಕು ಎರಡು ಹೊಸಾವು ಕಳಸ್ತೇನಿ."

ಕೋಣೆಯಲ್ಲಿ ಮೆಲ್ಲಗೆ ಮಾತಾಡಬೇಕೆಂಬ ನನ್ನ ನಿಯಮವನ್ನು ಆಗ ಮುರಿಯದವರು ಯಾರೂ ಇಲ್ಲ. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನು.

ಲಾರಿಯ ಚಾಲಕನೊಬ್ಬನದೇ ತಕರಾರು. "ಅಷ್ಟು ದೂರದಿಂದ ಕರ್ಕೊಂಡು ಬಂದು ಖಾಲಿ ಕಳಿಸ್ತೀರಾ ಸಾಬ್? ನಾಲ್ಕು ಜನ ನಗ್ತಾರೆ." ನಾನು ಕಾರ್ಡಿನ ಪೆಟ್ಟಿಗೆಗಳನ್ನು ತೋರಿಸಿದೆ. ಅವು ಸಂಜೆಯೊಳಗೆ ಊರು ಬಿಡಬೇಕಿತ್ತು. ಹೊಳಲ್ಕೆರೆಯಲ್ಲಿ ಬಾಡಿಗೆಗೆ ಒಂದು ಗಟ್ಟಿ ಕೋಣೆ ನೋಡಿಯಾಗಿತ್ತು, ಇಲಿಯಿಲ್ಲ, ರಾಗಿಯಿಲ್ಲ. ಪೆಟ್ಟಿಗೆ ಏರಿಸಿದ ಮೇಲೆ ಲಾರಿಯಲ್ಲಿ ಇನ್ನೂ ಅಂಗಳದಷ್ಟು ಜಾಗ ಉಳಿಯಿತು. ಹುಡುಗಿಯರು ಏರಿದರು. ಓಬಳೇಶ ಏರಿದ. ಇಂಜಿನಿಯರನ್ನೂ ಎಳೆದು ಹತ್ತಿಸಿಕೊಂಡರು. ತಿಪ್ಪೇರುದ್ರಪ್ಪನವರು ಮುಂದೆ ಚಾಲಕನ ಪಕ್ಕ ಕೂತು, ಹೊಳಲ್ಕೆರೆಯಲ್ಲಿ ಎಲ್ಲರಿಗೂ ಬೆಣ್ಣೆ ದೋಸೆ ಎಂದು ಸಾರಿದರು. ನಾನು ಯಂತ್ರದ ಕೋಣೆಗೆ ಬೀಗ ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿ ಹತ್ತಿದೆ.

ಲಾರಿ ಊರು ದಾಟಿ ವೇಗ ಹಿಡಿಯಿತು. ಬಿಸಿ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಹುಡುಗಿಯರು ಪೆಟ್ಟಿಗೆಗಳ ಮೇಲೆ ಕೂತು ಕುಲುಕುತ್ತ ಕಿರಿಚುತ್ತಿದ್ದರು.

"ಮೇಡಂ!" ಜುಬೇದಾ ಗಾಳಿಗೆ ಎದುರಾಗಿ ಕೂಗಿದಳು. "ಈ ಲಾರಿ ಪಲ್ಟಿ ಹೊಡೆದ್ರೆ?"

"ಡಿಸ್ಕಿನಲ್ಲಿದೆ ಕಣೇ!"

"ಡಿಸ್ಕ್ ಮತ್ತೆ ಕೆಟ್ರೆ?"

"ಕಾರ್ಡು ಇದೆಯಲ್ಲ, ಇಲ್ಲೇ!"

"ಎರಡೂ ಒಟ್ಟಿಗೇ ಹೋದ್ರೆ?"

ನಾನು ಎದ್ದು, ಕೈ ಮುಷ್ಟಿ ಮಾಡಿ, ಚಾಲಕನ ತಲೆಯ ಮೇಲಿನ ತಗಡನ್ನು ದಬದಬ ಬಡಿದೆ.

"ನಿಧಾನಕ್ಕೆ ಓಡಿಸಪ್ಪಾ!"